ಸುಟ್ಟ ಗುಡ್ಡದ ಕೆಳಗೆ ಸರೋಜತ್ತೆಯ ಆಡುಗಳು

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಬೇಸಗೆಯ ಬೆಳಿಗ್ಗೆ ಒಣಗಿದ ಬೇವಿನೆಲೆಗಳನ್ನು ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಹೊಗೆ ಅಡುಗೆಮನೆಯ ಕಿಟಕಿಯವರೆಗೂ ಏರಿ ಬಂದಾಗ ನನ್ನ ಮಗಳು ಮೂಗು ಮುಚ್ಚಿಕೊಂಡು ಓಡಿಬಂದು ಕಿಟಕಿ ಹಾಕುತ್ತಾಳೆ. ನಾನು ಮಾತ್ರ ಒಲೆಯ ಮೇಲಿನ ಹಾಲನ್ನು ಮರೆತು ನಿಂತುಬಿಡುತ್ತೇನೆ. ಸುಟ್ಟ ಎಲೆಯ ಆ ಘಾಟಿನ ಅಡಿಯಲ್ಲಿ ನನಗೆ ಇನ್ನೊಂದು ವಾಸನೆ ಸಿಗುತ್ತದೆ. ಬೆಚ್ಚಗಿನ ಆಡಿನ ಮೈಯ ವಾಸನೆ, ಹಿಕ್ಕೆಯ ವಾಸನೆ, ಆಗಷ್ಟೇ ಕರೆದ ನೊರೆಹಾಲಿನ ವಾಸನೆ, ಅದರ ಜೊತೆಗೇ ಹೊಗೆಗೆ ಕಪ್ಪಾದ ಕಲ್ಲಿನ ಮೇಲೆ ನೀರು ಚೆಲ್ಲಿದಾಗ ಏಳುವ ಬಿಸಿ ಮಣ್ಣಿನ ವಾಸನೆ. ನಿಮಗೂ ಅಂಥ ಒಂದು ಮನೆ ಇದ್ದೀತು, ಈಗ ಹುಡುಕಿಕೊಂಡು ಹೋದರೆ ಬಾಗಿಲೇ ಸಿಗದಂಥದ್ದು. ನನ್ನ ಪಾಲಿಗೆ ಅದು ವಡೋದರಾದಿಂದ ಹಾಲೋಲ್ ದಾಟಿ ಜಾಂಬುಘೋಡಾದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ಬುಡದಲ್ಲಿದ್ದ ಸರೋಜತ್ತೆಯ ಆಡಿನ ಹಟ್ಟಿ.

ಸರೋಜತ್ತೆ ನನ್ನ ಅಪ್ಪಯ್ಯನ ಅಕ್ಕ. ಕುಂದಾಪುರದ ಕಡೆಯಿಂದ ಮದುವೆಯಾಗಿ ವಡೋದರಾಕ್ಕೆ ಬಂದವಳು. ಅವಳ ಗಂಡ, ನನ್ನ ಮಾವ, ಮತ್ತು ಅಪ್ಪಯ್ಯ ಸೇರಿ ಆಲ್ಕಾಪುರಿಯಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ದೋಸೆ, ಇಡ್ಲಿ, ಗುಜರಾತಿಗಳ ನಾಲಿಗೆಗೆ ತಕ್ಕಂತೆ ತುಸು ಬೆಲ್ಲ ಹೆಚ್ಚಿಗೆ ಹಾಕಿದ ಸಾಂಬಾರು. ಅತ್ತೆ ಇಪ್ಪತ್ತು ವರ್ಷ ಆ ಹೋಟೆಲಿನ ಹಿಂಬದಿಯಲ್ಲಿ ಹಿಟ್ಟು ರುಬ್ಬಿಸುತ್ತ, ಚಟ್ನಿಯ ಉಪ್ಪು ನೋಡುತ್ತ ಕಳೆದಳು. ಮಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯ ಒಂದು ಕೋಣೆಯಲ್ಲಿ ಇರುತ್ತಾಳೆ, ಮಕ್ಕಳನ್ನು ನೋಡಿಕೊಳ್ಳುತ್ತಾಳೆ ಎಂದು ಎಲ್ಲರೂ ತಮ್ಮಷ್ಟಕ್ಕೆ ತೀರ್ಮಾನ ಮಾಡಿಬಿಟ್ಟಿದ್ದರು. ಅವಳು ಯಾರಿಗೂ ಎದುರಾಡಲಿಲ್ಲ. ಮಾವ ಎಂದೋ ಮಾವಿನ ತೋಟ ಮಾಡುತ್ತೇನೆಂದು ಕೊಂಡು, ಮಾಡದೆ ಬಿಟ್ಟಿದ್ದ ಆ ಗುಡ್ಡದ ಬುಡದ ಜಾಗಕ್ಕೆ ಹೋಗಿ ಒಂದು ಮನೆ ಕಟ್ಟಿಸಿದಳು. ಆಮೇಲೆ ಸೂರತ್ತಿನ ಕಡೆಗೆ ಹೋಗಿ ಸುರತಿ ತಳಿಯ ಬಿಳಿ ಆಡುಗಳನ್ನು ಲಾರಿಯಲ್ಲಿ ತುಂಬಿಸಿಕೊಂಡು ಬಂದಳು. ಹೋಟೆಲಿನವರ ಮನೆ ಹೆಂಗಸು ಆಡು ಕಾಯುವುದೇ ಎಂದು ನಮ್ಮ ಕನ್ನಡ ಸಂಘದ ಗಣೇಶ ಚೌತಿಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕದ್ದು ನನಗೆ ನೆನಪಿದೆ. ಅತ್ತೆ ಅವರ ಮಧ್ಯದಲ್ಲೇ ಕುಳಿತು ಹೊಟ್ಟೆ ತುಂಬ ಊಟ ಮಾಡಿ, ಉಳಿದ ಬಾಳೆಲೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಎದ್ದಳು.

ರಜೆ ಸಿಕ್ಕಿತೆಂದರೆ ನಾನು ಅಲ್ಲಿಗೆ ಓಡುತ್ತಿದ್ದೆ. ಬೆಳಕು ಹರಿಯುವ ಮೊದಲೇ ಹಟ್ಟಿಯಲ್ಲಿ ಕೊರಳಗಂಟೆಗಳ ಸದ್ದು ಏಳುತ್ತಿತ್ತು. ಅತ್ತೆ ಮೊಣಕಾಲ ನಡುವೆ ತಂಬಿಗೆ ಹಿಡಿದು ಕುಕ್ಕರಗಾಲಲ್ಲಿ ಕುಳಿತು ಹಾಲು ಕರೆಯುತ್ತಿದ್ದಳು. ಮೊದಲ ಧಾರೆಗಳು ತಂಬಿಗೆಯ ತಳಕ್ಕೆ ಬಿದ್ದು ಚುಂಯ್ ಎನ್ನುತ್ತಿದ್ದವು, ತುಂಬುತ್ತ ಬಂದಂತೆ ಆ ಸದ್ದು ದಪ್ಪವಾಗಿ, ನೊರೆಯೊಳಗೆ ಹುದುಗಿ ಹೋಗುತ್ತಿತ್ತು. ಪಕ್ಕದ ಫಳಿಯಾದ ಮಂಗಿಬೆನ್ ಅಷ್ಟರಲ್ಲಿ ಮುತ್ತುಗದ, ಬೇವಿನ ಸೊಪ್ಪಿನ ಹೊರೆಯೊಂದಿಗೆ ಬರುತ್ತಿದ್ದಳು. ಆ ಊರ ಕಡೆ ಕೇರಿಗೆ ಫಳಿಯಾ ಎನ್ನುತ್ತಾರೆ. ಮಂಗಿಬೆನ್ ಅತ್ತೆಯ ಓರಗೆಯವಳು, ಕೆಲಸಕ್ಕೆಂದು ಬಂದವಳು ಗೆಳತಿಯಾಗಿ ಉಳಿದಿದ್ದಳು. ಅವರಿಬ್ಬರ ಮಾತೆಲ್ಲ ಗುಜರಾತಿಯಲ್ಲಿ. ಆದರೆ ಆಡುಗಳೊಂದಿಗೆ ಮಾತ್ರ ಅತ್ತೆ ಅಪ್ಪಟ ಕುಂದಾಪುರ ಕನ್ನಡ ಬಿಟ್ಟು ಇನ್ನೊಂದು ಮಾತು ಆಡುತ್ತಿರಲಿಲ್ಲ. ನಾವು ಮಕ್ಕಳು ಮನೆಯಲ್ಲಿ ಹಿಂದಿಯಲ್ಲೇ ಜಗಳಾಡುತ್ತಿದ್ದವರು, ಕನ್ನಡ ಬಾಯಿಗೆ ಹತ್ತುತ್ತಿರಲಿಲ್ಲ. ನಾನು ಈಗ ಆಡುವ ಕನ್ನಡದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹಟ್ಟಿಯಲ್ಲಿ ಆಡುಗಳ ಜೊತೆಗೇ ಕಲಿತದ್ದು. ಹಿಂಡಿನ ಹಿರಿಯಳಿಗೆ ಅತ್ತೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದಳು. ಎಳೆಯ ಎರಡಕ್ಕೆ ಹೆಸರಿಡುವ ಹಕ್ಕು ನನಗೆ ಸಿಕ್ಕಿತ್ತು. ನಾನು ಪಾಪ್ಡಿ, ಜಲೇಬಿ ಎಂದು ಕರೆದಾಗ ಅತ್ತೆ, "ಹೋಟ್ಲಿನ ಮಗ್ಳಲ್ದಾ, ಇನ್ನೆಂತ ಹೆಸ್ರ್ ಬತ್ತ್!" ಎಂದು ನಕ್ಕಿದ್ದಳು.

ಬೆಂಕಿ ಬಂದ ವರ್ಷ ನಾನು ಐದನೆಯ ತರಗತಿಯಲ್ಲಿದ್ದೆ. ಪರೀಕ್ಷೆ ಮುಗಿದ ಮರುದಿನ ಹಾಲೋಲಿನಿಂದ ಯಾರೋ ಹೋಟೆಲಿಗೆ ಫೋನು ಮಾಡಿದರು. ಹಿಪ್ಪೆ ಹೂ ಉದುರುವ ಕಾಲವದು. ಎಲ್ಲೋ ಮೇಲೆ ತರಗೆಲೆಗೆ ಹತ್ತಿದ ಕಿಡಿ ಮಧ್ಯಾಹ್ನದ ಗಾಳಿಗೆ ಗುಡ್ಡದ ಈ ಮಗ್ಗುಲಿಗೆ ಹೊರಳಿ, ಆಳೆತ್ತರದ ಒಣಹುಲ್ಲನ್ನು ಹಿಡಿದುಕೊಂಡು ಇಳಿದು ಬಂದಿತ್ತು. ಅತ್ತೆಗೆ ಏನೂ ಆಗಿಲ್ಲ ಎಂಬ ಒಂದು ಮಾತು ಬಿಟ್ಟರೆ ಫೋನಿನಲ್ಲಿ ಮತ್ತೇನೂ ತಿಳಿಯಲಿಲ್ಲ. ಅಪ್ಪಯ್ಯ ಹೋಟೆಲಿನ ತರಕಾರಿ ತರುವ ಟೆಂಪೊ ಹೊರಡಿಸಿದರು. ನಾನು ಅತ್ತೂ ಕರೆದೂ ಅದರಲ್ಲಿ ಹತ್ತಿ ಕುಳಿತೆ.

ನಾನು ಕಂಡ ಗುಡ್ಡ ಅದಲ್ಲವೇ ಅಲ್ಲ ಎನ್ನುವಂತಿತ್ತು. ನೆಲವೆಲ್ಲ ಕಾಡಿಗೆ ಬಳಿದ ಹಾಗೆ, ಮಧ್ಯೆ ಮಧ್ಯೆ ಬುಡದಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಮರಗಳು. ಹುಲ್ಲು ಹೊದೆಸಿದ್ದ ಹಟ್ಟಿ ಇದ್ದ ಜಾಗದಲ್ಲಿ ಬೂದಿಯ ಚೌಕ ಮಾತ್ರ ಉಳಿದಿತ್ತು. ಮನೆಯ ಗೋಡೆ ನಿಂತಿತ್ತು, ಮಾಡು ಒಂದು ಬದಿ ಕುಸಿದಿತ್ತು. ಅತ್ತೆ ಅಂಗಳದಲ್ಲಿ ನಿಂತಿದ್ದಳು. ಹುಬ್ಬು ಸುಟ್ಟಿತ್ತು, ಸೀರೆಯ ಅಂಚು ಸುಟ್ಟಿತ್ತು, ಎರಡು ಕೈಗೂ ಮಂಗಿಬೆನ್ ಲೋಳೆಸರದ ತಿರುಳು ಹಚ್ಚಿ ಬಟ್ಟೆ ಸುತ್ತಿದ್ದಳು. ಬೆಂಕಿ ಹತ್ತಿರ ಬಂದಾಗ ಅತ್ತೆ ಹಟ್ಟಿಗೆ ನುಗ್ಗಿ ಹಗ್ಗಗಳನ್ನೆಲ್ಲ ಕತ್ತಿಯಿಂದ ಕೊಯ್ದು, ಬಾಗಿಲು ತೆರೆದು, ಆಡುಗಳನ್ನು ಹೊಡೆದು ಹೊಡೆದು ಓಡಿಸಿದಳೆಂದು ಮಂಗಿಬೆನ್ನೇ ನಮಗೆ ಹೇಳಿದಳು. ಕೆಲವು ಒಳಗೇ ಉಳಿದವು. ಅವನ್ನು ಅಷ್ಟರಲ್ಲಾಗಲೇ ಮಣ್ಣು ಮಾಡಿದ್ದರು. ಪಾಪ್ಡಿ ಅವುಗಳಲ್ಲಿ ಒಂದು. ಉಳಿದವು ಎಲ್ಲಿ ಹೋದವೆಂದು ಯಾರಿಗೂ ಗೊತ್ತಿರಲಿಲ್ಲ.

ಅಪ್ಪಯ್ಯ ಬೂದಿಯ ಚೌಕದವರೆಗೆ ನಡೆದು ಹೋಗಿ ಬಂದರು. ಆಮೇಲೆ, "ಅಕ್ಕ, ಸಾಕ್ ಇನ್ನ್. ಗಾಡಿ ಹತ್ತ್. ಮನಿಗ್ ಹೋಪ," ಎಂದರು.

"ಕಟ್ಟ್ ಕೊಯ್ದ್ ಓಡಿ ಅಂದವಳ್ ನಾನ್," ಎಂದಳು ಅತ್ತೆ. "ಅವು ತಿರ್ಗಿ ಬಂದ್ ಕಾಂಬತಿಗೆ ನಾನೇ ಇಲ್ದಿರೆ ಹ್ಯಾಂಗೆ?"

"ಬರ್ದಿರೆ?"

"ಬರ್ದಿರೆ ಮತ್ತೆ ಸೂರತ್ತಿಗೆ ಹೋತೆ." ಹಾಗೆಂದವಳು ಟೆಂಪೊವನ್ನು ಒಮ್ಮೆ ಸುತ್ತು ಬಂದು, ಹಿಂಬದಿಯ ಬಾಗಿಲನ್ನು ಬಟ್ಟೆ ಸುತ್ತಿದ ಕೈಯಿಂದಲೇ ತಟ್ಟಿ ನೋಡಿದಳು. "ಗಾಡಿ ತಂದದ್ದ್ ಒಳ್ಳೇದಾಯ್ತ್ ಕಾಣ್. ಹಾಲೋಲಿಗ್ ಹೋಯಿ ಬಿದ್ರು, ತಗಡು ತಕಂಡ್ ಬಾ. ಬಪ್ಪತಿಗೆ ಹಸಿ ಸೊಪ್ಪ್ ಸಿಕ್ರೆ ಅದನ್ನೂ ಹಾಯ್ಕ."

ಅಪ್ಪಯ್ಯ ಟೆಂಪೊದ ಮೆಟ್ಟಿಲ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಎದ್ದು, ಅಕ್ಕನನ್ನು ಕರೆದೊಯ್ಯಲು ತಂದ ಗಾಡಿಯಲ್ಲಿ ಹಾಲೋಲಿಗೆ ಹೋಗಿ ಬಿದಿರು ತಂದರು.

ನಾನು ಆ ಬೇಸಗೆ ಪೂರ್ತಿ ಅಲ್ಲೇ ಉಳಿದೆ. ಆಡುಗಳು ಒಂದೊಂದಾಗಿ ಬಂದವು. ಮೊದಲು ದೊಡ್ಡಮ್ಮ, ಅವಳ ಹಿಂದೆ ಮಸಿ ಹತ್ತಿ ಕಪ್ಪಾದ ನಾಲ್ಕಾರು. ಕೆಲವನ್ನು ಅತ್ತೆ ಒಣಗಿದ ಹೊಳೆಯ ಪಾತ್ರದವರೆಗೂ ಕೂಗುತ್ತ ಹೋಗಿ ಹಿಡಿದು ತಂದಳು. ಜಲೇಬಿ ಸಿಕ್ಕಿದಾಗ ಅವಳ ಒಂದು ಪಕ್ಕೆ, ಕೆಚ್ಚಲಿನ ಒಂದು ಬದಿ ಬೆಂದಿತ್ತು. ಅವಳು ಗಬ್ಬವಾಗಿದ್ದಳು. ಹಾಲೋಲಿನಿಂದ ಬಂದ ದನದ ಡಾಕ್ಟರು ಚುಚ್ಚುಮದ್ದು ಕೊಟ್ಟು, ಮುಲಾಮು ಬರೆದುಕೊಟ್ಟು, ಇದು ಉಳಿಯುವುದು ಕಷ್ಟ ಎಂದು ಹೇಳಿ ಹೋದರು. ಅತ್ತೆ ಮುಲಾಮು ಹಚ್ಚುವಾಗ ನಾನು ಜಲೇಬಿಯ ತಲೆಯನ್ನು ತೊಡೆಯ ಮೇಲಿಟ್ಟು ಹಿಡಿದುಕೊಳ್ಳಬೇಕಿತ್ತು. ಅವಳ ಬಿಸಿಯುಸಿರು ನನ್ನ ಲಂಗವನ್ನು ತೊಯ್ಯಿಸುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡರೆ ಅತ್ತೆ ಗದರುತ್ತಿದ್ದಳು: "ಕಣ್ಣ್ ಬಿಡ್ ಹೆಣೆ. ನೀ ನೋಡ್ದಿರೆ ಅದ್ಕ್ ನೋವ್ ಕಮ್ಮಿ ಆತ್ತಾ?"

ಎಲ್ಲಕ್ಕಿಂತ ದೊಡ್ಡ ಕಷ್ಟ ಮೇವಿನದು. ಗುಡ್ಡದಲ್ಲಿ ಒಂದು ಹಸಿರೆಲೆ ಇರಲಿಲ್ಲ. ಆಗ ಆಲ್ಕಾಪುರಿಯ ಹೋಟೆಲು ಆಡುಗಳ ಹೊಟ್ಟೆಗೆ ನಿಂತಿತು. ಹೂಕೋಸಿನ ಎಲೆ, ಮೂಲಂಗಿ ಸೊಪ್ಪು, ಕೊತ್ತಂಬರಿ ದಂಟು, ಬಟಾಣಿಯ ಸಿಪ್ಪೆ, ಎಲ್ಲ ಗೋಣಿಯಲ್ಲಿ ತುಂಬಿ ಅಪ್ಪಯ್ಯ ಬೆಳಗಿನ ಬಸ್ಸಿಗೆ ಹಾಕಿಸುತ್ತಿದ್ದರು. ನಾನೂ ಮಂಗಿಬೆನ್ನೂ ರಸ್ತೆಯ ಬದಿ ಕಾದು ನಿಂತು ಇಳಿಸಿಕೊಳ್ಳುತ್ತಿದ್ದೆವು. ಅಷ್ಟು ಹಸಿ ಸೊಪ್ಪು ಒಮ್ಮೆಲೇ ತಿಂದರೆ ಹೊಟ್ಟೆ ಉಬ್ಬರಿಸುತ್ತದೆಂದು ಅತ್ತೆ ಅದನ್ನು ಅಂಗಳದಲ್ಲಿ ಹರಡಿ ಬಾಡಿಸಿ, ಒಣ ಮೇವಿನ ಜೊತೆ ಕಲಸಿ ಕೊಡುತ್ತಿದ್ದಳು. ಹೋಟೆಲಿನ ಸೊಪ್ಪಿನ ಮಧ್ಯೆ ಕೆಲವೊಮ್ಮೆ ಕರಿಬೇವಿನ ಕಡ್ಡಿಗಳು ಇರುತ್ತಿದ್ದವು. ದೊಡ್ಡಮ್ಮ ಅವನ್ನೇ ಹೆಕ್ಕಿ ಹೆಕ್ಕಿ ತಿನ್ನುತ್ತಿದ್ದಳು.

ಮಧ್ಯೆ ಒಂದು ದಿನ ಬಿಳಿಯ ಕಾರಿನಲ್ಲಿ ಒಬ್ಬ ಜಮೀನು ದಲ್ಲಾಳಿ ಬಂದ. ಸುಟ್ಟ ಗುಡ್ಡವನ್ನು ಹುಣ್ಣು ನೋಡುವಂತೆ ನೋಡಿ, ಅತ್ತೆ ಕೊಟ್ಟ ಆಡಿನ ಹಾಲಿನ ಚಹಾವನ್ನು ಮುಟ್ಟದೆ ಪಕ್ಕಕ್ಕಿಟ್ಟು, "ಬೆನ್, ಹವೇ ಅಹೀಂ ಶುಂ ಬಚ್ಯುಂ ಛೇ?" ಎಂದ. ಇಲ್ಲಿ ಇನ್ನೇನು ಉಳಿದಿದೆ ಎಂದು. ಅತ್ತೆ ಗೋಡೆಗೆ ಮೆತ್ತುತ್ತಿದ್ದ ಮಣ್ಣಿನ ಕೈಯಲ್ಲೇ ಅವನ ಕಡೆ ತಿರುಗಿದಳು. "ಹುಂ ಛುಂ ನೇ," ಎಂದಳು. ನಾನಿದ್ದೇನಲ್ಲ. ಮಂಗಿಬೆನ್ ಎಷ್ಟು ಜೋರಾಗಿ ನಕ್ಕಳೆಂದರೆ ತಲೆಯ ಮೇಲಿನ ಮಣ್ಣಿನ ಬುಟ್ಟಿ ಕೆಳಗೆ ಬಿತ್ತು. ಕಾರು ಹೋದ ಮೇಲೆ ಅವನು ಬಿಟ್ಟ ಚಹಾವನ್ನು ಅತ್ತೆ ತಾನೇ ಕುಡಿದಳು.

ಹೊಸ ಹಟ್ಟಿಗೆ ಹುಲ್ಲಿನ ಮಾಡು ಬೇಡವೆಂದು ಅವಳ ಹಟ. ಗುಡ್ಡದಿಂದ ಕಲ್ಲು ಹೊತ್ತು ತಂದು ಎದೆಯೆತ್ತರ ಗೋಡೆ ಎಬ್ಬಿಸಿ, ಅದರ ಮೇಲೆ ಗಾಳಿಯಾಡುವಂತೆ ಬಿದಿರಿನ ಜಾಲರಿ ಕಟ್ಟಿ, ತಗಡು ಹೊದೆಸಿದೆವು. ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಇಷ್ಟೆಲ್ಲ ಆದ ಮೇಲೆ ಆಡುಗಳು ಒಳಗೆ ಹೋಗಲೇ ಒಪ್ಪಲಿಲ್ಲ. ಬಾಗಿಲಿನವರೆಗೆ ಬಂದು, ಮುಂಗಾಲು ಊರಿ, ಬೆದರುಗಣ್ಣು ಬಿಟ್ಟು ನಿಂತುಬಿಡುತ್ತಿದ್ದವು. ನೆಲದಡಿಯ ಬೂದಿ ಅವುಗಳ ಮೂಗಿಗೆ ತಿಳಿಯುತ್ತಿತ್ತೋ ಏನೋ. ಮಂಗಿಬೆನ್ ಕೊರಳು ಹಿಡಿದು ಎಳೆಯಲು ಹೋದಾಗ ಅತ್ತೆ ಬೇಡವೆಂದಳು. ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ ಹಾಕಿಸಿಕೊಂಡು ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತು ಉಣ್ಣತೊಡಗಿದಳು. ಮರುದಿನವೂ ಹಾಗೆಯೇ, ಅದರ ಮರುದಿನವೂ. "ಬಾ ಹೆಣೆ, ನಾನಿಲ್ಲೇ ಉಂಬುದ್ ಕಾಣ್. ಹೆದ್ರಿಕೆ ನಂಗೂ ಇತ್ತ್. ಇದ್ರೆಂತ? ಹಸಿವೂ ಆತ್ತಲ್ದಾ?" ಎಂದು ದೊಡ್ಡಮ್ಮನನ್ನು ಕರೆಯುತ್ತಲೇ ಇದ್ದಳು. ಅತ್ತೆಗೂ ಹೆದರಿಕೆ ಇದೆ ಎಂದು ನಾನು ಕೇಳಿದ್ದು ಅದೇ ಮೊದಲು. ಕೊನೆಗೊಂದು ಮಧ್ಯಾಹ್ನ ದೊಡ್ಡಮ್ಮ ಕತ್ತು ಚಾಚಿ, ಒಂದೊಂದೇ ಕಾಲಿಟ್ಟು ಒಳಗೆ ಬಂದು ಅತ್ತೆಯ ತಟ್ಟೆಯ ಗಂಜಿಗೇ ಬಾಯಿ ಹಾಕಿದಳು. ಅವಳ ಹಿಂದೆ ಹಿಂಡೆಲ್ಲ ನುಗ್ಗಿತು. ಅತ್ತೆ ಎಂಜಲು ಕೈಯಲ್ಲೇ ದೊಡ್ಡಮ್ಮನ ಕೊರಳು ತಬ್ಬಿಕೊಂಡು ಬಹಳ ಹೊತ್ತು ಕುಳಿತಿದ್ದಳು.

ಮೊದಲ ಮಳೆಗೆ ಕಪ್ಪು ನೆಲದಿಂದ ಹಸಿರು ಸೂಜಿಗಳು ಎದ್ದವು. ಶಾಲೆ ಶುರುವಾಗುವ ಹೊತ್ತಿಗೆ ಜಲೇಬಿ ಅವಳಿ ಮರಿ ಹಾಕಿದಳು. ಕೆಚ್ಚಲಿನ ಬೆಂದ ಬದಿ ಮುಚ್ಚಿಹೋಗಿತ್ತು, ಇರುವ ಒಂದು ಮೊಲೆಗೆ ಎರಡು ಮರಿಗಳು. ಮುಟ್ಟಿದರೆ ಒದೆಯುತ್ತಿದ್ದ ಅವಳನ್ನು ಅತ್ತೆ ಹಿಡಿದುಕೊಂಡಳು, ನಾನು ಮರಿಗಳನ್ನು ಒಂದಾದ ಮೇಲೊಂದು ಬಾಯಿ ಹಚ್ಚಿಸಿದೆ. ಎರಡೂ ಉಳಿದವು. ನನ್ನನ್ನು ಕರೆದೊಯ್ಯಲು ಬಂದ ಅಪ್ಪಯ್ಯ ಹಟ್ಟಿಯ ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು, ಮರಿಗಳನ್ನು ನೋಡಿದರು. ಹೊರಡುವಾಗ, "ಸೊಪ್ಪ್ ದಿನಾ ಕಳ್ಸ್ತೆ ಅಕ್ಕ, ಮಳಿಗಾಲ ಅಂದ್ ನಿಲ್ಸುದಿಲ್ಲೆ," ಎಂದರು.

ಅತ್ತೆ ಅಲ್ಲೇ ಬಹಳ ವರ್ಷ ಬದುಕಿದಳು. ಕಾಲೇಜು, ಮದುವೆ ಎಂದು ನಾನು ಅಹಮದಾಬಾದಿಗೆ ಬಂದ ಮೇಲೂ, ಹೋದಾಗಲೆಲ್ಲ ಹಾಲಿನ ತಂಬಿಗೆ ನನ್ನ ಕೈಗೇ ಕೊಡುತ್ತಿದ್ದಳು. ಒಂದು ಚಳಿಗಾಲ, ಆಡುಗಳಿಗೆ ಸೊಪ್ಪು ಕಟ್ಟಿ ಬಂದು ಜಗಲಿಯ ಬಿಸಿಲಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಆಡುಗಳು ಮಂಗಿಬೆನ್‌ಳ ಮನೆಗೆ ಹೋದವು. ಅಪ್ಪಯ್ಯನಿಗೂ ವಯಸ್ಸಾಗಿ ಹೋಟೆಲು ಮುಚ್ಚಿತು. ಜನವಿಲ್ಲದ ಮನೆಯ ಮಾಡು ಮಳೆಗೆ ಕುಸಿಯಿತು, ಗೋಡೆ ಕರಗಿತು. ಬಿದಿರು, ತಗಡುಗಳನ್ನು ಫಳಿಯಾದವರು ನಮ್ಮನ್ನು ಕೇಳಿಯೇ ಒಯ್ದರು.

ಹೋದ ವರ್ಷ ಹೋಳಿ ಹಬ್ಬಕ್ಕೆ ಮುಂಚೆ ನಾನು ಅಲ್ಲಿಗೆ ಹೋಗಿದ್ದೆ. ಜಾಗದ ಸುತ್ತ ಮಂಗಿಬೆನ್, ಅವಳ ಸೊಸೆಯಂದಿರು, ಫಳಿಯಾದ ಇನ್ನೂ ಕೆಲವು ಹೆಂಗಸರು ಸನಿಕೆ ಹಿಡಿದು ನೆಲ ಕೆರೆಯುತ್ತಿದ್ದರು. ಹುಲ್ಲು ಕಿತ್ತು, ತರಗೆಲೆ ಗುಡಿಸಿ, ಗಾಡಿ ಹೋಗುವಷ್ಟು ಅಗಲದ ಬೋಳು ಪಟ್ಟಿ ಮಾಡುತ್ತಿದ್ದರು. ಬೆಂಕಿ ಬಂದರೆ ದಾಟದಿರಲೆಂದು. ಬೆಂಕಿಯ ಮರುವರ್ಷದಿಂದ ಅತ್ತೆ ಅವರನ್ನೆಲ್ಲ ಕಟ್ಟಿಕೊಂಡು ಅದನ್ನು ಪ್ರತಿ ವರ್ಷ ಮಾಡಿಸುತ್ತಿದ್ದಳಂತೆ. ಬೆಂಕಿ ಆಮೇಲೆ ಎರಡು ಸಲ ಗುಡ್ಡ ಇಳಿದು ಬಂದು ಆ ಪಟ್ಟಿಯ ಅಂಚಿನಲ್ಲೇ ಸತ್ತಿತ್ತಂತೆ. ರಜೆಯಲ್ಲಿ ಮಾತ್ರ ಹೋಗುತ್ತಿದ್ದ ನಾನು ಆ ಪಟ್ಟಿಯನ್ನು ಗಾಡಿದಾರಿ ಎಂದೇ ತಿಳಿದಿದ್ದೆ.

ಒಳಗೆ ಈಗ ಮನೆಯಿಲ್ಲ, ಹಟ್ಟಿಯಿಲ್ಲ. ಎದೆಯೆತ್ತರದ ಹುಲ್ಲು, ಅದರ ನಡುವೆ ತಲೆ ಮಾತ್ರ ಕಾಣುವ ಕಲ್ಲುಗಳು.

"ಮಾಸಿ, ಇಲ್ಲಿ ಏನೂ ಇಲ್ಲವಲ್ಲ. ಯಾಕೆ ಇಷ್ಟು ಕಷ್ಟ ಪಡುತ್ತೀರಿ?" ಎಂದು ಮಂಗಿಬೆನ್‌ಳನ್ನು ಗುಜರಾತಿಯಲ್ಲಿ ಕೇಳಿದೆ.

ಮಂಗಿಬೆನ್ ಬೆನ್ನು ನೆಟ್ಟಗೆ ಮಾಡಿ, ಹಣೆಯ ಬೆವರು ಒರೆಸಿಕೊಂಡು, ನಾನು ಕೇಳಬಾರದ್ದನ್ನು ಕೇಳಿದೆನೆಂಬಂತೆ ನೋಡಿದಳು. "ಇದು ಸರೋಜಬೆನ್‌ಳ ಜಾಗ. ಒಂದು ಸಲ ಸುಟ್ಟದ್ದು ಸಾಕು," ಎಂದಳು. ಮತ್ತೆ ಬಗ್ಗಿ ಕೆರೆಯತೊಡಗಿದಳು. ಅವಳ ಸೊಸೆ ನನಗೊಂದು ಸನಿಕೆ ಕೊಟ್ಟಳು. ನಾನು ಚಪ್ಪಲಿ ಕಳಚಿಟ್ಟು ಅವರ ಸಾಲಿನ ಕೊನೆಗೆ ನಿಂತೆ. ಬಿಸಿಲು ಏರುತ್ತಿತ್ತು. ಪಟ್ಟಿಯ ಆಚೆ ಗುಡ್ಡವಿಡೀ ಒಣಗಿ ನಿಂತಿತ್ತು, ಈಚೆ ಯಾರೂ ಇಲ್ಲದ ಜಾಗದಲ್ಲಿ ಹುಲ್ಲು ಗಾಳಿಗೆ ಬಾಗಿ ಏಳುತ್ತಿತ್ತು.