ಸೀಟಿನ ಪ್ಲಾಸ್ಟಿಕ್ಕು

ಹಳೆ ಕಾರುಗಳ ವ್ಯಾಪಾರಿಗೆ ಬೇರೆಯವರ ಕಾರಿನ ಬೆಲೆ ಇಳಿಸುವುದೇ ಕಸುಬು. ತನ್ನ ಮನೆಯ ಪುಟ್ಟ ಕಾರಿನ ಬೆಲೆ ಮಾತ್ರ ಇಳಿಯಬಾರದೆಂದು, ಕೊಂಡ ದಿನ ಸೀಟಿನ ಮೇಲಿದ್ದ ಪ್ಲಾಸ್ಟಿಕ್ಕನ್ನು ಏಳು ವರ್ಷವಾದರೂ ತೆಗೆಯಲು ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಹೆಂಡತಿಯ ಬೆನ್ನು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಗೊಣಗಿದರೆ, "ಮಾರೋವಾಗ ನನ್ನ ನೆನೆಸ್ಕೋತೀಯ ಬಿಡು" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಆಕೆ ಅದೇ ಕಾರಿನಲ್ಲಿ ಅವನ ಅಂಗಡಿಗೆ ಊಟದ ಡಬ್ಬಿ ತಂದಾಗ, ಮೇಷ್ಟ್ರೊಬ್ಬರು ತಮ್ಮ ಚಿಕ್ಕ ಕಾರು ಮಾರಲು ಬಂದಿದ್ದರು.

"ಪ್ಲಾಸ್ಟಿಕ್ ಕೂಡ ತೆಗೆದಿಲ್ಲ, ಸೀಟು ಹೊಸದರ ಹಾಗಿದೆ ನೋಡಿ."

ವ್ಯಾಪಾರಿ ನೋಡಲಿಲ್ಲ. "ಚಿಕ್ಕ ಕಾರು ಸಾರ್, ಶೋರೂಮಿನ ಗೇಟು ದಾಟ್ತಿದ್ದ ಹಾಗೇ ಬೆಲೆ ಜಾರೋಕೆ ಶುರು. ನಾವು ನೋಡೋದು ವರ್ಷ, ಓಡಿದ ಕಿಲೋಮೀಟರು, ಇಂಜಿನ್ನು. ಸೀಟಿಗೆ ಯಾರು ಕಾಸು ಕೊಡ್ತಾರೆ? ಇಷ್ಟು ವರ್ಷ ಸುಮ್ನೆ ಬೆವರಿದ್ರಿ."

ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಪರಪರ ಹರಿಯುವ ಸದ್ದು ಕೇಳಿ ವ್ಯಾಪಾರಿ ಇಣುಕಿದ. ಪ್ಲಾಸ್ಟಿಕ್ಕು ಕಸದ ಬುಟ್ಟಿಯಲ್ಲಿತ್ತು. ಆಕೆ ಬಟ್ಟೆಯ ಸೀಟಿಗೆ ಆರಾಮಾಗಿ ಒರಗಿದ್ದಳು.

"ಏನೇ ಇದು?"

"ಇಂಜಿನ್ ಮುಟ್ಟಿಲ್ಲ ಕಣ್ರೀ. ಊಟ ಮಾಡಿ, ಆರೋಗುತ್ತೆ."

ಅಲ್ಲಿಯವರೆಗೆ ವ್ಯಾಪಾರಿಯ ಮಾತನ್ನು ಪೂರ್ತಿ ನಂಬದಿದ್ದ ಮೇಷ್ಟ್ರು, ಇದನ್ನು ಕಂಡು ಅವನು ಹೇಳಿದ ಬೆಲೆಗೇ ಕೀಲಿ ಕೊಟ್ಟರು.