ಜಗಲಿಯ ಮೇಲೆ ಉಳಿದ ಕರಿ ಚೀಲ

ಕಾಲೇಜಿಗೊಂದು 'ಫಿಲಾಸಫಿ' ಬರೆದು ಕಳಿಸಿ ಎಂದು ಯೂನಿವರ್ಸಿಟಿಯವರು ಕೇಳಿದಾಗ ನಾವು ಟ್ಯೂಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಂಬತ್ತರ ದಶಕದ ಮೊದಲ ವರ್ಷಗಳು. ರಾಜಾಜಿನಗರದ ನಮ್ಮ ನರ್ಸಿಂಗ್ ಸ್ಕೂಲು ಆಗತಾನೆ ಬಿ.ಎಸ್ಸಿ. ಕಾಲೇಜಾಗಿತ್ತು. ಹಾಸಿಗೆ ಮಡಿಚುವುದನ್ನೂ ಗಾಯ ಕಟ್ಟುವುದನ್ನೂ ಕಲಿಸುತ್ತ ಬಂದವರು ಈಗ ತಾವು ಏನನ್ನು ನಂಬುತ್ತೇವೆ ಎಂದು ಟೈಪ್ ಮಾಡಿಸಿ ಕೊಡಬೇಕಿತ್ತು.

ನನಗೆ ಇದು ಅಷ್ಟು ಕಷ್ಟವೆನಿಸಲಿಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಮಾರಲ್ ಸೈನ್ಸ್ ಬಾಯಿಪಾಠ ಮಾಡಿದವಳು. ಪ್ರತಿ ಮನುಷ್ಯನಿಗೂ ಡಿಗ್ನಿಟಿ ಇದೆ, ಅದನ್ನು ಕಾಪಾಡುವುದೇ ನರ್ಸಿಂಗಿನ ಮೊದಲ ಕೆಲಸ ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದೆ. ನಮ್ಮ ಸೀನಿಯರ್ ಟ್ಯೂಟರ್ ಕನ್ನಡಕ ಇಳಿಸಿ ಓದಿದರು.

"ಎಲ್ಲಾ ಸರಿ. ಡಿಗ್ನಿಟಿಗೆ ಮಾರ್ಕ್ಸ್ ಹೇಗಮ್ಮಾ ಕೊಡ್ತೀಯಾ?"

ಆ ಕಾಲಕ್ಕೆ ಎಲ್ಲವೂ ಅಳೆಯುವಂತಿರಬೇಕೆಂಬ ಫ್ಯಾಷನ್ ಬಂದಿತ್ತು. ಹೀಗಾಗಿ ನಂಬಿಕೆಗಳಿಗೆ ಒಂದು ಹಾಳೆ, ಮಾರ್ಕ್ಸ್ ಕೊಡಬಹುದಾದ ಗುರಿಗಳಿಗೆ ಇನ್ನೊಂದು ಹಾಳೆ ಎಂದಾಯಿತು. ಎರಡನ್ನೂ ಒಂದೇ ಪಿನ್ನಿನಲ್ಲಿ ಚುಚ್ಚಿ ಕಳಿಸಿದೆವು. ಅವೆರಡೂ ಒಂದಕ್ಕೊಂದು ಜಗಳವಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಜಗಳವಾದದ್ದು ಮೊದಲ ಬ್ಯಾಚು ಫೈನಲ್ ಇಯರಿಗೆ ಬಂದಾಗ, ಬ್ಯಾಡರಹಳ್ಳಿಯಲ್ಲಿ. ಆಗ ಅದು ಮಾಗಡಿ ರಸ್ತೆಯ ಕೊನೆಗೆ ರಾಗಿ ಹೊಲಗಳ ನಡುವಿನ ಹಳ್ಳಿ. ಫೈನಲ್ ಇಯರ್ ಹುಡುಗಿಯರನ್ನು ಕಾಲೇಜಿನ ವ್ಯಾನು ಅಲ್ಲಿಗೆ ಕರೆದೊಯ್ಯುತ್ತಿತ್ತು. ಒಬ್ಬೊಬ್ಬಳಿಗೆ ಒಂದೊಂದು ಮನೆ. ಕೈಯಲ್ಲೊಂದು ಕರಿ ಚೀಲ, ಅದರಲ್ಲಿ ಸೋಪು, ಟವೆಲು, ಥರ್ಮಾಮೀಟರು, ಡ್ರೆಸಿಂಗ್ ಸಾಮಾನು. ಮನೆಯೊಳಗೆ ಹೋದವರು ಮೊದಲು ನೆಲದ ಮೇಲೆ ನ್ಯೂಸ್‌ಪೇಪರ್ ಹಾಸಬೇಕು, ಅದರ ಮೇಲೆ ಚೀಲ ಇಡಬೇಕು, ಕೈ ತೊಳೆಯಬೇಕು, ಆಮೇಲೆ ಮುಂದಿನ ಮಾತು. ಇದಕ್ಕೆ 'ಬ್ಯಾಗ್ ಟೆಕ್ನಿಕ್' ಎಂದು ಹೆಸರು. ಪರೀಕ್ಷೆಯೂ ಅದೇ ಮನೆಯಲ್ಲಿ, ಹೊರಗಿನಿಂದ ಬಂದ ಎಕ್ಸಾಮಿನರ್ ಎದುರಿಗೆ. ಬ್ಯಾಗ್ ಟೆಕ್ನಿಕ್‌ನಲ್ಲಿ ಫೇಲಾದರೆ ಪೂರ್ತಿ ಪ್ರ್ಯಾಕ್ಟಿಕಲ್ಲೇ ಫೇಲು.

ವಿಜಯನಗರದಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಬಾಣಂತಿಯೊಬ್ಬಳ ಮನೆ ಸಿಕ್ಕಿತು. ಮಗು ಸಣಕಲು, ಹೊಕ್ಕುಳು ಇನ್ನೂ ಒಣಗದೆ ತೇವವಾಗಿತ್ತು. ಮನೆಯ ಯಜಮಾನಿಕೆ ಬಾಣಂತಿಯ ಅತ್ತೆಯದು. ಹುಡುಗಿ ಕಲಿಸಿದಂತೆಯೇ ಪೇಪರ್ ಬಿಡಿಸಿ ಹಾಸಿದಳು. ಆ ಅತ್ತೆ, ಮಗುವಿನ ಅಜ್ಜಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನವ್ವಾ, ಈಗ್ತಾನೆ ಸಗಣಿ ಹಾಕಿ ಸಾರ್ಸಿವ್ನಿ. ನಮ್ಮನೆ ನೆಲ ನಿನ್ ಚೀಲಕ್ಕೆ ಆಗಾಕಿಲ್ವಾ?"

"ಹಾಗಲ್ಲ ಅಜ್ಜಿ, ನಮ್ಮ ರೂಲ್ಸು…"

"ನಿನ್ ರೂಲ್ಸು ನಿಮ್ಮಪ್ಪನ ಮನೇಲಿ ಮಡೀಕೋ. ಎದ್ದೇಳು."

ಬಾಗಿಲು ಹಾಕಿಕೊಂಡಿತು. ಹುಡುಗಿ ವ್ಯಾನಿನಲ್ಲಿ ಕುಳಿತು ಅತ್ತಳು. ಮನೆ ಬದಲಿಸಿಕೊಡಲೇ ಎಂದು ಕೇಳಿದೆ. ಮೂಗು ಒರೆಸಿಕೊಂಡು, "ಬೇಡ ಮೇಡಂ, ಆ ಮಗು ಹೊಕ್ಕುಳು ಚೆನ್ನಾಗಿಲ್ಲ. ಇನ್ನೊಂದ್ಸಲ ಹೋಗ್ತೀನಿ" ಅಂದಳು.

ಅವಳಿಗೆ ಅಳುವುದಕ್ಕೆ ಬೇರೆ ಕಾರಣವೂ ಇತ್ತು. ಅವಳ ತಂದೆ ಆಫೀಸಿನಲ್ಲಿ ಕ್ಲರ್ಕು, ಬಹಳ ಮರ್ಯಾದಸ್ಥರು. ನಾಲ್ಕು ವರ್ಷ ಡಿಗ್ರಿ ಓದಿ ಕೊನೆಗೆ ಬೆಡ್‌ಪ್ಯಾನ್ ಎತ್ತುವುದಾ ಎಂದು ನೆಂಟರು ಆಡಿದ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದೇ ಒಂದು ಸಬ್ಜೆಕ್ಟ್ ಹೋದರೂ ಓದು ನಿಲ್ಲಿಸಿ ಮದುವೆ ಎಂದು ಹೇಳಿಬಿಟ್ಟಿದ್ದರು. ಅವರು ಸುಮ್ಮನೆ ಹೇಳುವವರಲ್ಲ.

ಎರಡನೆಯ ಸಲ ನಾನೂ ಜೊತೆಗೆ ಹೋದೆ. ಹುಡುಗಿ ಹೊಸ್ತಿಲ ಹೊರಗೇ ನಿಂತು ಹೊಸ ವರಸೆ ತೆಗೆದಳು. "ಅಜ್ಜೀ, ಪೇಪರ್ ಹಾಕಿದ್ದು ನಿಮ್ಮ ನೆಲ ಗಲೀಜು ಅಂತಲ್ಲ. ಈ ಚೀಲ ನಾಕಾರು ಕಾಯಿಲೆಯವರ ಮನೆ ಸುತ್ತಿರತ್ತೆ. ಚೀಲಾನೇ ಮೈಲಿಗೆ. ನಿಮ್ಮನೆ ನೆಲಕ್ಕೆ ಅದು ತಾಗಬಾರದು ಅಂತ."

ಅಜ್ಜಿಯ ಮುಖ ಅರಳಿತು. ನಾನೂ ಗೆದ್ದೆವು ಅಂದುಕೊಂಡೆ.

"ಅಯ್ಯೋ, ಮೊದ್ಲೇ ಯೋಳಾಕೇನಾಗಿತ್ತು? ಊರ್ ಕಾಯ್ಲೆನೆಲ್ಲ ಸುತ್ಕಂಡ್ ಬಂದಿರೋ ಚೀಲಾನ ಬಾಣ್ತಿ ಕ್ವಾಣೆಗೆ ತತ್ತೀಯಾ? ಇಡಲ್ಲೇ, ಜಗಲಿ ಮ್ಯಾಲೆ!"

ಅವಳ ವಾದ ಬೇಕಾದ್ದಕ್ಕಿಂತ ಹೆಚ್ಚೇ ಗೆದ್ದುಬಿಟ್ಟಿತ್ತು. ಅಂದಿನಿಂದ ಚೀಲ ಜಗಲಿಯ ಮೇಲೆ. ಬೇಕಾದಷ್ಟನ್ನು ಮಾತ್ರ ಒಂದು ಸ್ಟೀಲ್ ಟ್ರೇಯಲ್ಲಿಟ್ಟು, ಒಗೆದ ಟವೆಲು ಮುಚ್ಚಿ, ಬಚ್ಚಲ ಕಲ್ಲಿನ ಹತ್ತಿರ ಮೊಳಕೈವರೆಗೂ ಸೋಪು ಹಚ್ಚಿ ತೊಳೆದು ಅವಳು ಒಳಗೆ ಹೋಗುತ್ತಿದ್ದಳು. ಅವಳು ಕೈ ತೊಳೆಯುವುದನ್ನು ನೋಡುತ್ತ ನೋಡುತ್ತ ಅಜ್ಜಿಯೂ ಮಗುವನ್ನು ಎತ್ತುವ ಮುಂಚೆ ಕೈ ತೊಳೆಯತೊಡಗಿದರು. ಹೊಕ್ಕುಳಿಗೆ ಎಣ್ಣೆ ಅರಿಶಿನ ಹಚ್ಚುವುದು ನಿಂತಿತು. ಹೊಕ್ಕುಳು ಒಣಗಿತು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಪರೀಕ್ಷೆಯ ದಿನ ಏನು ಮಾಡುತ್ತೀಯೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ದಿನ ಬಂದ ಎಕ್ಸಾಮಿನರ್ ಗಂಜಿ ಹಾಕಿದ ಬಿಳಿ ಸೀರೆಯ ಹೆಂಗಸು, ನನಗಿಂತ ಹಿರಿಯರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವ್ಯಾರಮ್ಮ? ಯಾರಾದ್ರೂ ಆಗ್ಲಿ, ಕಾಲ್ ತೊಳ್ಕಂಡ್ ಬನ್ನಿ" ಅಂದರು. ಎಕ್ಸಾಮಿನರ್ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಅವರು ಕಾಲು ತೊಳೆದರು.

ಹುಡುಗಿ ಹೊಸ್ತಿಲ ಬಳಿ ಚೀಲ ಹಿಡಿದು ನಿಂತಳು. ಅವಳ ಕೈ ಮಡಿಸಿದ ಪೇಪರಿನ ಮೇಲಿತ್ತು. ಒಂದೇ ಒಂದು ದಿನ, ಅರ್ಧ ಗಂಟೆ, ಹಾಸಿಬಿಟ್ಟರೆ ಪಾಸು. ಅಜ್ಜಿ ಎಕ್ಸಾಮಿನರ್ ಎದುರಿಗೆ ಬಯ್ಯಲೂ ಬಹುದು, ಸುಮ್ಮನಿರಲೂ ಬಹುದು. ಬಾಣಂತಿ ಒಳಗಿನಿಂದ ಇಣುಕುತ್ತಿದ್ದಳು. ಹುಡುಗಿ ನನ್ನ ಕಡೆ ತಿರುಗಲಿಲ್ಲ. ಚೀಲವನ್ನು ಜಗಲಿಯ ಮೇಲಿಟ್ಟು ಟ್ರೇ ತೆಗೆದುಕೊಂಡು ಕೈ ತೊಳೆಯಲು ಹೋದಳು.

ಒಳಗಿನ ಕೆಲಸವೆಲ್ಲ ಬಹಳ ಚೆನ್ನಾಗಿ ಆಯಿತು. ಆದರೆ ನಾವು ಹೊರಗೆ ಬಂದಾಗ ಕೋಳಿಯೊಂದು ಕರಿ ಚೀಲದ ಮೇಲೆ ಹತ್ತಿ ಆರಾಮಾಗಿ ಕೂತಿತ್ತು.

ವ್ಯಾನನ್ನು ಹೊಂಗೆಮರದ ನೆರಳಿಗೆ ನಿಲ್ಲಿಸಿ ಮಾರ್ಕ್ಸ್ ಹಾಕಲು ಕುಳಿತೆವು. ಎಕ್ಸಾಮಿನರ್ ಪೆನ್ನಿನ ಕ್ಯಾಪು ತೆಗೆದರು. "ಬ್ಯಾಗ್ ಹೊರಗಡೆ. ನೋಡಿಕೊಳ್ಳೋರು ಯಾರೂ ಇಲ್ಲ. ಮೇಲೆ ಕೋಳಿ. ನೀವೇ ಹೇಳಿ ಮೇಡಂ, ನಾನು ಏನಂತ ಬರೀಲಿ?"

"ಬ್ಯಾಗ್ ಟೆಕ್ನಿಕ್ ಯಾತಕ್ಕೆ ಇದೆ ಮೇಡಂ? ಒಂದು ಮನೆ ಸೋಂಕು ಇನ್ನೊಂದು ಮನೆಗೆ ಹೋಗಬಾರದು ಅಂತ. ಇವಳು ಚೀಲಾನೇ ಒಳಗೆ ತರಲಿಲ್ಲ. ಅದರ ತತ್ವ ಉಳೀತಲ್ಲ?"

"ಉಳೀತು. ಆದ್ರೆ ತತ್ವ ಗೊತ್ತಿದ್ದು ಉಳಿಸಿದಳೋ, ಆ ಮುದುಕಿಗೆ ಹೆದರಿ ಹಾಗೆ ಮಾಡಿದಳೋ? ಹೆದರೋ ನರ್ಸನ್ನ ನಾನು ಪಾಸ್ ಮಾಡೋಲ್ಲ. ನಾಳೆ ಡಾಕ್ಟರ್ ತಪ್ಪು ಹೇಳಿದ್ರೂ ಹೆದರ್ತಾಳೆ."

ನನಗೆ ಸಿಟ್ಟು ಬಂದಿತ್ತು. ಆದರೆ ಆ ಪ್ರಶ್ನೆ ಸರಿಯಾಗಿತ್ತು ಎಂದು ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ನಾವು ಬರೆದು ಕಳಿಸಿದ ಹಾಳೆಗಳಲ್ಲಿ ವಿಧೇಯತೆಗೂ ಗೌರವಕ್ಕೂ ನಡುವೆ ಗೆರೆ ಎಳೆದಿರಲೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ತಲೆ ತಗ್ಗಿಸಿದಂತೆಯೇ ಕಾಣುತ್ತವೆ.

ಹುಡುಗಿಯನ್ನು ಕರೆದರು. ಅವಳು ಸೆರಗಿನ ಪಿನ್ನು ತಿರುಗಿಸುತ್ತ ನಿಂತಳು.

"ನಿಜ ಹೇಳು. ಅಜ್ಜಿಗೆ ಹೆದರಿದ್ಯಾ?"

"ಹೆದರಿದ್ದೆ ಮೇಡಂ. ಈಗ್ಲೂ ಹೆದರಿಕೇನೇ."

ನಾನು ಕಣ್ಣು ಮುಚ್ಚಿಕೊಂಡೆ. ಹೋಯಿತು.

"ಆದ್ರೆ ಅಜ್ಜಿಗಿಂತ ನಿಮಗೆ ಜಾಸ್ತಿ ಹೆದರಿಕೆ ಇತ್ತು ಮೇಡಂ. ಹೆದರಿ ಮಾಡೋ ಹಾಗಿದ್ರೆ ಪೇಪರ್ ಹಾಸ್ತಿದ್ದೆ. ಎಣ್ಣೆ ಹಚ್ಚಬೇಡಿ ಅಂದಾಗ ಅಜ್ಜಿ ಎರಡು ದಿನ ಮಾತು ಬಿಟ್ಟಿದ್ರು. ಅದನ್ನ ನಾನು ಬಿಟ್ಟುಕೊಡ್ಲಿಲ್ಲ. ಚೀಲ ಎಲ್ಲಿಡಬೇಕು ಅನ್ನೋದು ಬಿಟ್ಟುಕೊಟ್ಟೆ. ಮನೆ ಅವರದ್ದಲ್ವಾ?"

ಎಕ್ಸಾಮಿನರ್ ಮಾರ್ಕ್ಸ್ ಹಾಳೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ, "ಕೋಳಿ ಬಗ್ಗೆ ಏನು ಹೇಳ್ತೀಯಾ?" ಎಂದರು.

"ಅದು ನನ್ನ ತಪ್ಪು ಮೇಡಂ. ಮೇಲೆ ಏನಾದ್ರೂ ಮುಚ್ಚಬೇಕಿತ್ತು."

"ಮುಚ್ಚಬೇಕಿತ್ತು" ಎಂದು ಅವರೂ ಹೇಳಿ ಬರೆದರು. ಪಾಸಿಗೆ ಬೇಕಾದಷ್ಟೇ ಮಾರ್ಕ್ಸು, ಒಂದು ಹೆಚ್ಚಿಲ್ಲ. ನಾನು ಇನ್ನಷ್ಟಕ್ಕೆ ಜಗ್ಗಾಡಲಿಲ್ಲ. ಆ ಹೆಂಗಸು ಹುಡುಗಿಗೆ ಏನನ್ನೂ ದಾನ ಮಾಡಿರಲಿಲ್ಲ, ಅವಳಿಂದ ಏನನ್ನೂ ಕಿತ್ತುಕೊಂಡಿರಲೂ ಇಲ್ಲ. ನ್ಯಾಯವೇ, ಎಂದುಕೊಂಡೆ.

ರಿಸಲ್ಟ್ ಬಂದ ಮೇಲೆ ಒಂದು ದಿನ ಹುಡುಗಿಯ ತಂದೆ ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತರು. ಇಸ್ತ್ರಿ ಮಾಡಿದ ಷರ್ಟು, ಜೇಬಿನಲ್ಲಿ ಪೆನ್ನು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಮೇಡಂ, ಪರೀಕ್ಷೆ ಮುಗಿದ ಮೇಲೂ ಇವಳು ವಾರವಾರ ಬ್ಯಾಡರಹಳ್ಳಿಗೆ ಹೋಗ್ತಾ ಇದಾಳೆ. ಯಾವುದೋ ಮಗು ತೂಕ ನೋಡಬೇಕಂತೆ. ಇದೂ ನಿಮ್ಮ ಸಿಲಬಸ್ಸಾ?"

"ಇಲ್ಲ ಸಾರ್. ನಾವು ಕಳಿಸಿಲ್ಲ."

"ಮತ್ತೆ ಯಾಕೆ ಹೋಗ್ತಾಳೆ?"

ಫಿಲಾಸಫಿ ಬರೆದವಳು ನಾನು. ಆದರೆ ಆ ಇಂಗ್ಲಿಷ್ ವಾಕ್ಯಗಳಲ್ಲಿ ಒಂದನ್ನೂ ಆ ಮನುಷ್ಯನಿಗೆ ಹೇಳಲು ಬಾಯಿ ಬರಲಿಲ್ಲ. "ಆ ಮಗು ಇನ್ನೂ ಸಣ್ಣದು ಸಾರ್, ಅದಕ್ಕೆ" ಎಂದಷ್ಟೇ ಹೇಳಿದೆ.

ಅವರು ಜೇಬಿನ ಪೆನ್ನು ಸರಿಮಾಡಿಕೊಂಡರು. "ನಾನು ಕೇಳಿದ್ರೂ ಇದನ್ನೇ ಹೇಳ್ತಾಳೆ" ಎಂದರು. ಕೋಪವಿರಲಿಲ್ಲ, ಒಪ್ಪಿಗೆಯೂ ಇರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ಕೆಲಸಕ್ಕೆ ಅರ್ಜಿ ಎಲ್ಲೆಲ್ಲಿ ಹಾಕಬಹುದು ಎಂದು ಕೇಳಿದರು. ಕುರ್ಚಿ ಎಳೆದುಕೊಂಡು ಕೂತರು. ನಾನು ಅವರಿಗೆ ಕಾಫಿ ತರಿಸಿದೆ.