ಮೊಸರಿನ ಪಾತ್ರೆಯ ಹಿಂದಿದ್ದ ಬಾಟಲಿ

ಇತ್ತು. ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ, ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಇತ್ತು. ಅದನ್ನು ನನಗೆ ಕೊಟ್ಟವರೇ ಮನೆಗೆ ಬಂದು ಕೇಳಿದಾಗ ನಾನು ಇಲ್ಲ ಎಂದೆ. ಹಾಗೆ ಹೇಳಿ ಎರಡು ವರ್ಷವಾಯಿತು.

ಇದ್ದದ್ದು ಯೀಸ್ಟು — ಬಿಯರಿಗೆ ಹಾಕುವ ಹೆಪ್ಪು. ಇಷ್ಟಕ್ಕೇ ಇಷ್ಟು ದೊಡ್ಡ ಪೀಠಿಕೆಯೇ ಎಂದು ನೀವು ನಗಬಹುದು. ನಾನೂ ನಕ್ಕು ಮರೆಯಲು ನೋಡಿದೆ. ಆದರೆ ಪ್ರತಿ ಸಲ ಫ್ರಿಜ್ಜಿನ ಬಾಗಿಲು ತೆಗೆದಾಗಲೂ —

ಮೊದಲಿನಿಂದ ಹೇಳುತ್ತೇನೆ. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಇದ್ದಾಗ ನಾನು ನಾಲ್ಕಾರು ಗೆಳೆಯರ ನಡುವೆ ದೊಡ್ಡ ಮನುಷ್ಯ. ಭಾನುವಾರ ನಮ್ಮ ಗರಾಜಿನಲ್ಲಿ ಬಾರ್ಲಿ ಬೇಯಿಸಿ ಬಿಯರ್ ಮಾಡುತ್ತಿದ್ದೆವು. ಕಹಿಗೆ ಹಾಕುವ ಹಾಪ್ಸ್ ಹೂವು ಎಷ್ಟು, ಎಷ್ಟು ಹೊತ್ತು ಕುದಿಸಬೇಕು, ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಆಮೇಲೆ ಆಫೀಸಿನವರು ಮೆಲ್ಬರ್ನಿಗೆ ವರ್ಗ ಮಾಡಿದರು. ಅಲ್ಲಿಯ ಪಾಯಿಂಟ್ ಕುಕ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಇಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಬಾರ್ಲಿ ಎಲ್ಲಿ ಸಿಗುತ್ತದೆ ಎಂಬುದೂ ಗೊತ್ತಿರಲಿಲ್ಲ.

ಹುಡುಕಿ ಹುಡುಕಿ, ಶೆಡ್ಡುಗಳ ಸಾಲಿನಲ್ಲಿ ಬಿಯರಿನ ಸಾಮಾನು ಮಾರುವ ಒಂದು ಅಂಗಡಿ ಸಿಕ್ಕಿತು. ಮನೆಯ ಡಬ್ಬಗಳನ್ನೆಲ್ಲ ಬಿಚ್ಚಿ ಜೋಡಿಸುವವರೆಗೆ ಬಿಯರಿನ ಸುದ್ದಿ ಎತ್ತುವುದಿಲ್ಲ ಎಂದು ಹೆಂಡತಿ ಸುಮನಾಗೆ ಮಾತು ಕೊಟ್ಟಿದ್ದೆ. ಆ ಅಂಗಡಿಯಲ್ಲಿದ್ದಾಗಲೇ ಅವಳ ಫೋನು ಬಂತು. ಬಟ್ಟೆ ಒಣಹಾಕುವ ಸ್ಟ್ಯಾಂಡ್ ತರಲು ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದೇನೆ ಎಂದೆ. ಪಕ್ಕದಲ್ಲಿ ಬಾರ್ಲಿ ತೂಗುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ ಹೇಳಿದರು: “ಹಾರ್ಡ್‌ವೇರ್ ಅಂಗಡ್ಯಾಗ ಬಾರ್ಲಿ ವಾಸನಿ ಭಾಳ ಬರ್ತದ್ರಿ.”

ಅವರೇ ನಾಡಗೌಡ ಸರ್. ಧಾರವಾಡದವರು, ವಿಂಡಮ್ ವೇಲ್‌ನಲ್ಲಿ ಮನೆ, ನಿವೃತ್ತಿಗೆ ಹತ್ತಿರವಾದ ಎಂಜಿನಿಯರ್. ಮುಂದಿನ ವಾರವೇ ಮನೆಗೆ ಕರೆದು ತಮ್ಮ ಬಿಯರ್ ಕುಡಿಸಿದರು. ಅಂಥದ್ದನ್ನು ನಾನು ಬ್ಲ್ಯಾಕ್‌ಟೌನಿನಲ್ಲಿ ಒಂದು ಸಲವೂ ಮಾಡಿರಲಿಲ್ಲ. ಎಲ್ಲ ಕೋಲಿನ್‌ನ ಯೀಸ್ಟಿನ ಗುಣ ಎಂದರು. ಕೋಲಿನ್ ಅವರ ಮೊದಲ ನೆರೆಮನೆಯ ಮುದುಕ. ಈ ದೇಶದಲ್ಲಿ ಯಾರ ಪರಿಚಯವೂ ಇಲ್ಲದಿದ್ದ ಕಾಲದಲ್ಲಿ ಬೇಲಿಯಾಚೆಯಿಂದ ಕರೆದು, ಬಿಯರ್ ಮಾಡಲು ಕಲಿಸಿ, ಸಾಯುವ ಮುಂಚೆ ತನ್ನ ಯೀಸ್ಟನ್ನು ಬಾಟಲಿಗೆ ಹಾಕಿ ಕೊಟ್ಟಿದ್ದನಂತೆ. ಬಾಟಲಿಯ ಮೇಲೆ ಅವನೇ ಬರೆದು ಅಂಟಿಸಿದ ಚೀಟಿ: ‘ನ್ಯಾಡ್‌ಗೆ’ — ನಾಡಗೌಡ ಅವನ ಬಾಯಲ್ಲಿ ನ್ಯಾಡ್ ಆಗಿತ್ತು. ಪ್ರತಿ ಸಲ ಬಿಯರ್ ಮಾಡಿದಾಗಲೂ ತಳದಲ್ಲಿ ಉಳಿದ ಯೀಸ್ಟನ್ನು ತೆಗೆದಿಟ್ಟು, ಇವರು ವರ್ಷಗಟ್ಟಲೆ ಅದನ್ನು ಬದುಕಿಸಿಕೊಂಡು ಬಂದಿದ್ದರು.

ಕೇಳುವ ಮೊದಲೇ ನನಗೂ ಅರ್ಧ ಕೊಟ್ಟರು. ಒಯ್ಯಲು ನನ್ನ ಬಳಿ ಏನೂ ಇರಲಿಲ್ಲ. ತಮ್ಮ ಪಾಲನ್ನು ಬೇರೆ ಡಬ್ಬಿಗೆ ಸುರಿದುಕೊಂಡು, ಕೋಲಿನ್‌ನ ಬಾಟಲಿಯನ್ನೇ ನನ್ನ ಕೈಗಿಟ್ಟರು. ಬಾಟಲಿ ಮಾತ್ರ ಆಮೇಲೆ ವಾಪಸ್ ಕೊಡಿ ಎಂದರು.

ಅಷ್ಟರಲ್ಲಿ ನನಗೊಂದು ಕ್ಲಬ್ಬು ಸಿಕ್ಕಿತ್ತು. ತಿಂಗಳಿಗೊಮ್ಮೆ ಯಾರಾದರೊಬ್ಬರ ಗರಾಜಿನಲ್ಲಿ ಸೇರಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕುಡಿದು ಹೇಳುವುದು. ಮೊದಲೆರಡು ತಿಂಗಳು ನನ್ನ ಬಿಯರನ್ನು ಯಾರೂ ಎರಡನೆಯ ಸಲ ಬಗ್ಗಿಸಿಕೊಳ್ಳಲಿಲ್ಲ. ಮೂರನೆಯ ತಿಂಗಳು ಈ ಯೀಸ್ಟಿನದ್ದನ್ನು ಒಯ್ದೆ. ಎಲ್ಲರೂ ಸುತ್ತ ಸೇರಿದರು. ಯೀಸ್ಟು ಸಿಡ್ನಿಯಿಂದ ತಂದದ್ದೇ ಎಂದು ಒಬ್ಬ ಕೇಳಿದ. ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ಬರೀ ತಲೆಯಾಡಿಸಿದೆ — ಹಾಗೆಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಅದಕ್ಕೆ ‘ಬ್ಲ್ಯಾಕ್‌ಟೌನ್ ಯೀಸ್ಟ್’ ಎಂದು ಹೆಸರಿಟ್ಟರು. ನಾನು ಮತ್ತೆ ದೊಡ್ಡ ಮನುಷ್ಯನಾದೆ.

ಕ್ಲಬ್ಬಿನ ಸುದ್ದಿ ಕೇಳಿ ನಾಡಗೌಡ ಸರ್ ಹಿಗ್ಗಿದರು. ಕೋಲಿನ್ ಹೋದ ಮೇಲೆ ಜೊತೆಗೆ ಕೂತು ಬಿಯರ್ ಮಾಡುವವರೇ ಇಲ್ಲ, ನನ್ನನ್ನೂ ಕರೆದುಕೊಂಡು ಹೋಗಿ ಎಂದರು. ಈ ತಿಂಗಳು ಮಳೆ, ಮುಂದಿನ ತಿಂಗಳು ಜಾಗ ಚಿಕ್ಕದು ಎಂದು ದಿನ ದೂಡಿದೆ. ಅವರ ಬಿಯರಿನ ಒಂದು ಗುಟುಕು ಸಾಕಿತ್ತು, ನನ್ನ ಬಣ್ಣ ಬಯಲಾಗಲು. ಕೊನೆಗೆ ನೆಪಗಳೇ ಮುಗಿದು, ಫೆಬ್ರುವರಿಗೆ ಖಂಡಿತ ಎಂದುಬಿಟ್ಟೆ.

ಇಲ್ಲಿಯ ಜನವರಿಯ ಸುಡುಬಿಸಿಲಿನಲ್ಲಿ ಅವರು ಗಂಡ ಹೆಂಡತಿ ಒಂದು ವಾರ ಊರಲ್ಲಿರಲಿಲ್ಲ. ತಿರುಗಿ ಬಂದಾಗ ಫ್ರಿಜ್ಜು ಕೆಟ್ಟು ಒಳಗಿದ್ದದ್ದೆಲ್ಲ ಕೊಳೆತಿತ್ತು. ಆ ಸಂಜೆಯೇ ನಮ್ಮ ಮನೆಗೆ ಬಂದರು. ಕೇಳಲು ಬಂದದ್ದು ಎರಡು. ಅವರ ಹೆಂಡತಿಗೆ ಮೊಸರಿನ ಹೆಪ್ಪು. ಆಮೇಲೆ —

“ಕೋಲಿನ್ನಂದು ಹೋತ್ರಿ. ನಿಮ್ಮ ಕಡೆ ಅದ ಅಲ್ಲ? ಒಂದ್ ಚಮಚಾ ಕೊಟ್ರ ಸಾಕು.”

ನನಗೆ ಮೊದಲು ಅನಿಸಿದ್ದು ಅಯ್ಯೋ ಎಂದಲ್ಲ, ಸದ್ಯ, ಇನ್ನು ಅವರ ಬಿಯರು ಕ್ಲಬ್ಬಿಗೆ ಬರುವಂತಿಲ್ಲ ಎಂದು. ಅದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

“ಇಲ್ಲ ಸರ್. ಹೋದ ತಿಂಗಳೇ ಕೆಟ್ಟೋಯ್ತು. ಚೆಲ್ಬಿಟ್ಟೆ.”

ಅವರು ಕೇಳಿದರು: “ಬಾಟ್ಲಿ ಆದ್ರೂ ಅದ ಏನ್ರಿ?”

“ರೀಸೈಕಲ್ ಬಿನ್‌ಗೆ ಹಾಕ್ಬಿಟ್ಟೆ ಸರ್.”

ಸುಮನಾ ಹೆಪ್ಪು ಕೊಡಲು ಎದ್ದಳು. ಅವಳಿಗಿಂತ ಮೊದಲು ನಾನೇ ಓಡಿದೆ. ತೆರೆದ ಫ್ರಿಜ್ಜು ಅವರಿಗೆ ಕಾಣದಂತೆ ಬೆನ್ನು ಅಡ್ಡ ಕೊಟ್ಟು, ಮೊಸರಿನ ಪಾತ್ರೆ ತೆಗೆದು, ಸ್ಟೀಲ್ ಬಟ್ಟಲಿಗೆ ಒಂದು ಸೌಟು ಹಾಕಿದೆ. ಪಾತ್ರೆ ತೆಗೆದ ಜಾಗದಲ್ಲಿ ಚೀಟಿ ಕಾಣುತ್ತಿತ್ತು. ಬೇಗನೆ ಪಾತ್ರೆಯನ್ನು ಮತ್ತೆ ಅಲ್ಲಿಟ್ಟೆ. ಬಟ್ಟಲು ಇಸಿದುಕೊಂಡ ನಾಡಗೌಡ ಸರ್ ನನ್ನ ಭುಜ ತಟ್ಟಿದರು. “ಮನಸಿಗೆ ಹಚ್ಕೋಬ್ಯಾಡ್ರಿ. ನಿಮಗರ ಏನ್ ಗೊತ್ತಿತ್ತು.”

ವಾರದ ನಂತರ ಬಟ್ಟಲು ವಾಪಸ್ ಬಂತು. ಖಾಲಿ ಕೊಡಬಾರದೆಂದು ಅವರ ಹೆಂಡತಿ ಅದರ ತುಂಬ ಶೇಂಗಾ ಚಟ್ನಿಪುಡಿ ಹಾಕಿ ಕಳಿಸಿದ್ದರು. ಫೆಬ್ರುವರಿಯಲ್ಲಿ ಅವರು ಕ್ಲಬ್ಬಿನ ಮಾತೆತ್ತಲಿಲ್ಲ, ನಾನೂ ಕರೆಯಲಿಲ್ಲ. ಇನ್ನೆರಡು ತಿಂಗಳಿಗೆ ತಮ್ಮ ದೊಡ್ಡ ಪಾತ್ರೆ, ಡ್ರಮ್ಮು ಎಲ್ಲವನ್ನೂ ಕಾರಿನಲ್ಲಿ ತಂದು ನಮ್ಮ ಗರಾಜಿನಲ್ಲಿ ಇಳಿಸಿದರು. ಅಂಗಡಿಯ ಯೀಸ್ಟಿನಲ್ಲಿ ಮಾಡಲು ಮನಸ್ಸಾಗುತ್ತಿಲ್ಲ, ನೀವಾದರೂ ಮಾಡಿ ಎಂದರು. ಬೇಡ ಎನ್ನಬಹುದಿತ್ತು. ನಾನು ಇಳಿಸಲು ಕೈಜೋಡಿಸಿದೆ. ಎರಡು ವರ್ಷದಿಂದ ಅವರ ಪಾತ್ರೆಯಲ್ಲಿ ಅವರದೇ ಯೀಸ್ಟು ಹಾಕಿ ಬಿಯರ್ ಮಾಡಿ, ಹೊಗಳಿಸಿಕೊಂಡು ಓಡಾಡಿದ್ದೇನೆ.

ಹೋದ ವಾರ ಫ್ರಿಜ್ಜು ಒರೆಸುತ್ತಿದ್ದ ಸುಮನಾ ಬಾಟಲಿ ಹಿಡಿದು, ಮೊದಲ ಸಲ ಚೀಟಿ ಓದಿ, ನ್ಯಾಡ್ ಅಂದರೆ ಯಾರು ಎಂದು ಕೇಳಿದಳು. ಏನೋ ಒಂದು ಹೇಳಬಹುದಿತ್ತು, ನನಗೆ ಅಭ್ಯಾಸವಿದೆ. ಆದರೆ ನಿಜ ಹೇಳಿದೆ. ಅವಳು ಬೈಯಲಿಲ್ಲ. “ಹೆಪ್ಪು ಕೇಳ್ಕೊಂಡ್ ಬಂದವ್ರಿಗೆ ಇಲ್ಲ ಅಂದ್ರಾ?” ಎಂದಷ್ಟೇ ಕೇಳಿ, ಬಾಟಲಿಯನ್ನು ಮೊಸರಿನ ಪಾತ್ರೆಯ ಮುಂದಿಟ್ಟಳು. ಅವಳ ತಾಯಿಯ ಮನೆಯಲ್ಲಿ ಜಗಳವಾಡಿ ಮಾತುಬಿಟ್ಟ ನೆರೆಯವರಿಗೂ ಹೆಪ್ಪು ಇಲ್ಲ ಎಂದದ್ದಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ.

ಭಾನುವಾರ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಹೇಳಿದೆ: ಯೀಸ್ಟು ನನ್ನದಲ್ಲ, ಸಿಡ್ನಿಯದೂ ಅಲ್ಲ. ಒಬ್ಬ, ಎಲ್ಲಿಯದಾದರೇನು, ಚೆನ್ನಾಗಿದೆಯಲ್ಲ ಎಂದು ಇನ್ನೊಂದು ಬಾಟಲಿಯ ಮುಚ್ಚಳ ತೆಗೆದ. ಉಳಿದವರು ಅಷ್ಟನ್ನೂ ಕೇಳಲಿಲ್ಲ. ಯಾವುದಕ್ಕೆ ಹೆದರಿ ಆ ಸಂಜೆ ಹಾಗೆ ಹೇಳಿದೆನೋ, ಅದು ಇಷ್ಟೇ ಆಗಿತ್ತು.

ನಾಳೆ ವಿಂಡಮ್ ವೇಲ್‌ಗೆ ಹೋಗುತ್ತೇನೆ. ಪಾತ್ರೆ, ಡ್ರಮ್ಮು ಕಾರಿನಲ್ಲಿವೆ. ಬಾಟಲಿಯೊಂದನ್ನು ಬೆಳಗ್ಗೆ ತೆಗೆದುಕೊಳ್ಳಬೇಕು. ಮೂರು ದಿನದಿಂದ ತಲೆಯಲ್ಲಿ ಒಂದು ಉಪಾಯ ಸುಳಿಯುತ್ತಿದೆ — ಯೀಸ್ಟನ್ನು ಬೇರೆ ಬಾಟಲಿಗೆ ಸುರಿದು, ಹಿಂದೆ ನಾನು ಇನ್ನೊಬ್ಬರಿಗೆ ಸ್ವಲ್ಪ ಕೊಟ್ಟಿದ್ದೆ, ಅವರ ಮನೆಯಲ್ಲಿ ಉಳಿದಿತ್ತು ಸರ್, ಎನ್ನಬಹುದು. ಅವರು ನಂಬುತ್ತಾರೆ. ಮತ್ತೆ ಭುಜ ತಟ್ಟುತ್ತಾರೆ.

ಇಲ್ಲ. ಕೋಲಿನ್‌ನ ಬಾಟಲಿಯನ್ನೇ, ಚೀಟಿ ಅವರ ಕಡೆ ತಿರುಗಿಸಿ ಕೊಡುತ್ತೇನೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಹೇಳಬೇಕಾದದ್ದು ಒಂದೇ ಮಾತು.

ಅವತ್ತೂ ಇತ್ತು ಸರ್.